ನೂರಕ್ಕೆ ಎಂಬತ್ತೈದು: ಮಾಸ್ಟರ್ ಪಿ ಗೆದ್ದ ಒಪ್ಪಂದ, ಅದರಾಚೆ ಉಳಿದವರು

ಅಮೆರಿಕದ ರ‍್ಯಾಪ್ ಲೋಕದಲ್ಲಿ ದುಡ್ಡಿನ ಮಾತು ಬಂದರೆ ಸಾಕು, ಸ್ವಲ್ಪ ಹೊತ್ತಿಗೆ ಮಾಸ್ಟರ್ ಪಿ ಹೆಸರು ಬಂದೇ ಬರುತ್ತದೆ. ನ್ಯೂ ಆರ್ಲಿಯನ್ಸ್‌ನ ಬಡವರ ಸರ್ಕಾರಿ ವಸತಿಯಲ್ಲಿ ಬೆಳೆದ ಪರ್ಸಿ ಮಿಲ್ಲರ್, ‘ನೋ ಲಿಮಿಟ್ ರೆಕಾರ್ಡ್ಸ್’ ಅಂತ ತನ್ನದೇ ಕಂಪನಿ ಕಟ್ಟಿ, 1996ರಲ್ಲಿ ಲಾಸ್ ಏಂಜಲೀಸ್‌ನ ಪ್ರಯಾರಿಟಿ ರೆಕಾರ್ಡ್ಸ್ ಜೊತೆ ಮಾಡಿಕೊಂಡ ಒಪ್ಪಂದವನ್ನು ಇವತ್ತಿಗೂ ಪಾಠದಂತೆ ಒಪ್ಪಿಸುವವರಿದ್ದಾರೆ. ವಿತರಕರಿಗೆ ನೂರಕ್ಕೆ 15, ಉಳಿದ 85 ಈತನಿಗೆ, ಮೇಲಾಗಿ ಧ್ವನಿಮುದ್ರಿಕೆಗಳ ಒಡೆತನವೂ ಈತನದೇ. 2025ರ ಫೆಬ್ರುವರಿಯಲ್ಲಿ ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯ ತನ್ನ ಬ್ಯಾಸ್ಕೆಟ್‌ಬಾಲ್ ವಿಭಾಗದ ಆಡಳಿತಕ್ಕೆ ಅಧ್ಯಕ್ಷನನ್ನಾಗಿ ಈತನನ್ನು ಕರೆದುಕೊಂಡಾಗಲೂ ಅದರ ಹಿಂದೆ ಇದ್ದದ್ದು ಹಾಡುಗಾರನ ಹೆಸರಿಗಿಂತ ಹೆಚ್ಚಾಗಿ ವ್ಯಾಪಾರ ಬಲ್ಲವನೆಂಬ ಹೆಸರು.

ಆ 85ರ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ ಎನ್ನುವುದು ನನ್ನ ತಕರಾರು. ಒಡೆತನ ಗೆದ್ದದ್ದು ನಿಜ. ಅದು ಯಾವ ಅನುಕೂಲಗಳ ಮೇಲೆ ನಿಂತಿತ್ತು, ಕಂಪನಿಯ ಒಳಗೆ ಎಷ್ಟು ಜನಕ್ಕೆ ಹಂಚಿಹೋಯಿತು ಎಂದು ಕೇಳಿದರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

ಮೊದಲು ‘ಮಾಸ್ಟರ್’ ಅಂದರೇನು ಅಂತ ತಿಳಿದಿರಲಿ. ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗ ಸಂಯೋಜನೆ ಒಂದು. ಸ್ಟುಡಿಯೋದಲ್ಲಿ ಹಾಡಿ, ನುಡಿಸಿ ದಾಖಲಿಸಿದ ಧ್ವನಿಮುದ್ರಣ ಇನ್ನೊಂದು. ಈ ಎರಡನೆಯದೇ ಮಾಸ್ಟರ್. ಅಮೆರಿಕದಲ್ಲಿ ದಶಕಗಳ ಕಾಲ ರೂಢಿ ಹೀಗಿತ್ತು: ರೆಕಾರ್ಡ್ ಕಂಪನಿ ಮುಂಗಡ ಕೊಡುತ್ತದೆ, ಮಾಸ್ಟರ್ ಬರೆಸಿಕೊಳ್ಳುತ್ತದೆ, ಗಾಯಕನಿಗೆ ಮಾರಾಟದ ಮೇಲೆ ನೂರಕ್ಕೆ ಹತ್ತೋ ಹದಿನೈದೋ ಗೌರವಧನ. ಅದೂ ಸ್ಟುಡಿಯೋ ಬಾಡಿಗೆ, ವಿಡಿಯೋ ಖರ್ಚು, ಮುಂಗಡ ಎಲ್ಲ ಅವನ ಪಾಲಿನಿಂದ ವಸೂಲಾದ ಮೇಲೆ. ಲಕ್ಷಗಟ್ಟಲೆ ಕ್ಯಾಸೆಟ್ ಮಾರಿಯೂ ಕಂಪನಿಗೆ ಸಾಲಗಾರನಾಗಿಯೇ ಉಳಿದ ಗಾಯಕರು ಅಲ್ಲಿ ಬೇಕಾದಷ್ಟಿದ್ದಾರೆ. ನಮ್ಮ ಕಡೆ ಇಳಯರಾಜ ತಮ್ಮ ಹಳೆಯ ಹಾಡುಗಳ ಹಕ್ಕಿಗಾಗಿ ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನೋಡಿದವರಿಗೆ ಜಗಳದ ಸ್ವರೂಪ ಹೊಸದೇನಲ್ಲ.

ಮಿಲ್ಲರ್ ಹುಟ್ಟಿದ ಬಡಾವಣೆಯನ್ನು ಜನ ಕರೆಯುತ್ತಿದ್ದದ್ದು ಕ್ಯಾಲಿಯೋಪ್ ಪ್ರಾಜೆಕ್ಟ್ಸ್ ಅಂತ. ಬ್ಯಾಸ್ಕೆಟ್‌ಬಾಲ್ ಆಟದ ಬಲದಿಂದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದ ಹುಡುಗ ಅಲ್ಲಿ ನೆಲೆ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಮೆರಿಟ್ ಕಾಲೇಜಿಗೆ ಬಂದ. ಪಕ್ಕದ ರಿಚ್ಮಂಡ್‌ನಲ್ಲಿ ತಾಯಿ ಇದ್ದಳು. 1990ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತಮ್ಮ ಕೆವಿನ್ ಕೊಲೆಯಾದ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಜ್ಜನ ಸಾವಿನ ಸಂಬಂಧ ಪರಿಹಾರವಾಗಿ ಬಂದ ಹಣದಲ್ಲಿ 10,000 ಡಾಲರ್ ಈತನ ಕೈಗೆ ಸಿಕ್ಕಿತು. ಅದನ್ನು ಹಾಕಿ ರಿಚ್ಮಂಡ್‌ನಲ್ಲಿ ಕ್ಯಾಸೆಟ್ ಅಂಗಡಿ ತೆರೆದ. ಕಂಪನಿಯ ಹೆಸರು ಮೊದಲು ಬೋರ್ಡಿಗೇರಿದ್ದು ಆ ಅಂಗಡಿಯ ಬಾಗಿಲಲ್ಲಿ.

ಈ ಊರಿನ ಆಯ್ಕೆ ಬರೀ ಕಾಕತಾಳೀಯವಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ರಿಚ್ಮಂಡ್‌ನ ಕೈಸರ್ ಹಡಗುಕಟ್ಟೆಗಳಿಗೆ ಲೂಸಿಯಾನ, ಟೆಕ್ಸಸ್, ಅರ್ಕನ್ಸಾದಿಂದ ಕಪ್ಪು ಕಾರ್ಮಿಕರು ಸಾವಿರಗಟ್ಟಲೆ ವಲಸೆ ಬಂದಿದ್ದರು. ಅವರ ಮೊಮ್ಮಕ್ಕಳು ಮಾತಾಡುವ ಧಾಟಿಯಲ್ಲಿ ದಕ್ಷಿಣದ ಎಳೆ ಇನ್ನೂ ಉಳಿದಿತ್ತು. ಜೊತೆಗೆ ಆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ರ‍್ಯಾಪರ್‌ಗಳು ದೊಡ್ಡ ಕಂಪನಿಗಳನ್ನು ಕಾಯುತ್ತ ಕೂರುವವರಾಗಿರಲಿಲ್ಲ. ಟೂ ಶಾರ್ಟ್ ಕಾರಿನ ಡಿಕ್ಕಿಯಿಂದಲೇ ಕ್ಯಾಸೆಟ್ ಮಾರಿ ಹೆಸರು ಮಾಡಿದ್ದ. ಪಕ್ಕದ ವಲ್ಲೇಹೊದಲ್ಲಿ ಇ-40 ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಸ್ವಂತ ಕಂಪನಿ ನಡೆಸುತ್ತಿದ್ದ. ಸ್ವಂತ ಮಾಲು, ಸ್ವಂತ ಗಿರಾಕಿ, ನಡುವೆ ಒಬ್ಬ ಸಗಟು ವ್ಯಾಪಾರಿ: ಇದು ಅಲ್ಲಿನ ದಿನನಿತ್ಯದ ವ್ಯವಹಾರ. ಮಿಲ್ಲರ್ ಈ ವಿದ್ಯೆಯನ್ನು ಕಲಿತದ್ದು ಗಲ್ಲಾ ಮೇಲೆ ಕೂತು. ಯಾವ ಕ್ಯಾಸೆಟ್ಟನ್ನು ಯಾರು ಕೇಳಿಕೊಂಡು ಬರುತ್ತಾರೆ, ಯಾವುದು ದೂಳು ಹಿಡಿಯುತ್ತದೆ, ಸಗಟು ವ್ಯಾಪಾರಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾನೆ, ಮಾರಾಟವಾಗದ ಮಾಲು ಹೇಗೆ ವಾಪಸ್ ಬರುತ್ತದೆ, ಇದೆಲ್ಲ ಅಂಗಡಿಯವನಿಗೆ ಗೊತ್ತಾಗುವಷ್ಟು ಗಾಯಕನಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 1991ರ ಮೇ ತಿಂಗಳಿಂದ ಬಿಲ್‌ಬೋರ್ಡ್ ಪತ್ರಿಕೆ ಆಲ್ಬಂ ಪಟ್ಟಿಯನ್ನು ಸೌಂಡ್‌ಸ್ಕ್ಯಾನ್ ಲೆಕ್ಕದ ಮೇಲೆ ತಯಾರಿಸತೊಡಗಿತು. ಅದಕ್ಕೆ ಮೊದಲು ಅಂಗಡಿಯವರಿಗೆ ಫೋನ್ ಮಾಡಿ ‘ಯಾವುದು ಚೆನ್ನಾಗಿ ಹೋಗ್ತಿದೆ’ ಎಂದು ಕೇಳಿ ಬರೆಯುವ ಪದ್ಧತಿ ಇತ್ತು. ಈಗ ಬಾರ್‌ಕೋಡ್ ಹೇಳಿದ್ದೇ ಲೆಕ್ಕ. ನ್ಯೂಯಾರ್ಕಿನ ರೇಡಿಯೋದಲ್ಲಿ ಒಮ್ಮೆಯೂ ಬಾರದ ಹಾಡು ಹ್ಯೂಸ್ಟನ್, ಮೆಂಫಿಸ್, ರಿಚ್ಮಂಡ್‌ಗಳಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ದೊಡ್ಡ ಕಂಪನಿಗಳ ಮೇಜಿನ ಮೇಲೆ ಅಂಕಿಯಾಗಿ ಕೂರತೊಡಗಿತು. ದಕ್ಷಿಣದ ರ‍್ಯಾಪ್‌ಗೆ ಮರ್ಯಾದೆ ಸಿಕ್ಕಿದ್ದು ತಡವಾಗಿ. ರ‍್ಯಾಪ್ ಪತ್ರಿಕೆ ‘ದ ಸೋರ್ಸ್’ನ 1995ರ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಯನ್ನು ನ್ಯೂಯಾರ್ಕಿನ ಸಭಿಕರು ಕೂಗಿ ಅಣಕಿಸಿದ್ದರು. ಮಾರಾಟದ ಅಂಕಿ ಮಾತ್ರ ಆ ಕೂಗಿಗೆ ಕಿವಿಗೊಡಲಿಲ್ಲ.

ಪ್ರಯಾರಿಟಿ ಕಂಪನಿಯದೂ ತಮಾಷೆಯ ಹಿನ್ನೆಲೆ. ಅದಕ್ಕೆ ಮೊದಲು ದುಡ್ಡು ತಂದುಕೊಟ್ಟದ್ದು ಒಣದ್ರಾಕ್ಷಿ ಜಾಹೀರಾತಿನ ಬೊಂಬೆಗಳ ಹೆಸರಲ್ಲಿ ಬಂದ ಹಾಡಿನ ಆಲ್ಬಂ! ಆಮೇಲೆ ಎನ್.ಡಬ್ಲ್ಯು.ಎ. ತಂಡದ ಆಲ್ಬಂಗಳನ್ನು ಹಂಚಿ, ರೇಡಿಯೋದ ಹಂಗಿಲ್ಲದೆ ರ‍್ಯಾಪ್ ಮಾರುವುದನ್ನು ಅದು ಕಲಿತಿತ್ತು. ಮಿಲ್ಲರ್ ಅದರ ಬಾಗಿಲಿಗೆ ಬಂದಾಗ ಬರಿಗೈಲಿ ಬಂದಿರಲಿಲ್ಲ. ಹಲವು ಆಲ್ಬಂ ಹೊರಬಂದಿದ್ದವು, ಗಿರಾಕಿ ಯಾರೆಂಬುದು ಗೊತ್ತಿತ್ತು, ಬಾರ್‌ಕೋಡಿನ ಸಾಕ್ಷಿ ಇತ್ತು. ಇದಕ್ಕೆ ಮೊದಲು ಇಂಟರ್‌ಸ್ಕೋಪ್ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಜಿಮ್ಮಿ ಅಯೊವಿನ್ ಹತ್ತು ಲಕ್ಷ ಡಾಲರ್ ಕೊಡಲು ಮುಂದಾಗಿದ್ದರು, ತನ್ನ ಹೆಸರಿನ ಮೇಲೂ ಹಕ್ಕು ಬಿಟ್ಟುಕೊಡಬೇಕಾಗಿದ್ದರಿಂದ ಬೇಡವೆಂದೆ ಎಂದು ಆತನೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.

ಲೆಕ್ಕಕ್ಕೆ ಹಿಡಿಯೋಣ. ಅಂಗಡಿಗೆ ಸಗಟು ದರದಲ್ಲಿ ಸಿ.ಡಿ.ಯೊಂದಕ್ಕೆ 10 ಡಾಲರ್ ಎಂದುಕೊಳ್ಳಿ. ವಿತರಕ ಒಂದೂವರೆ ಡಾಲರ್ ತೆಗೆದುಕೊಂಡ; ಮುದ್ರಣ, ಡಬ್ಬಿ, ಹೊದಿಕೆಗೆ ಒಂದು ಡಾಲರ್ ಹೋಯಿತು. ಏಳೂವರೆ ನೋ ಲಿಮಿಟ್ ಕೈಲಿ ಉಳಿಯಿತು. ಹಳೆಯ ರೂಢಿಯ ಗಾಯಕನಿಗೆ ಇದೇ ಸಿ.ಡಿ.ಗೆ ಒಂದೂ ಚಿಲ್ಲರೆ ಡಾಲರ್, ಅದೂ ಸಾಲ ತೀರಿದ ಮೇಲೆ. ಹತ್ತು ಲಕ್ಷ ಪ್ರತಿ ಹೋದರೆ ವ್ಯತ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂದು ಬೆರಳಲ್ಲೇ ಎಣಿಸಬಹುದು. ಆದರೆ ಆ ಏಳೂವರೆಯಲ್ಲಿ ಸ್ಟುಡಿಯೋ, ವಿಡಿಯೋ, ಜಾಹೀರಾತು, ಸಂಬಳ ಎಲ್ಲವೂ ಬರಬೇಕು. ಮುಳುಗಿದರೆ ಮುಳುಗುವವನೂ ಮಿಲ್ಲರನೇ. ಈ ಒಪ್ಪಂದ ಲಾಭದ ಹಾಗೆಯೇ ಅಪಾಯವನ್ನೂ ಪೂರ್ತಿಯಾಗಿ ಈಚೆಗೆ ವರ್ಗಾಯಿಸಿತ್ತು.

ಹಾಗಾಗಿ ಖರ್ಚು ಹಿಡಿಯುವುದೇ ಕಂಪನಿಯ ಕಲೆಯಾಯಿತು. ಲೂಸಿಯಾನಕ್ಕೆ ಮರಳಿ ಬ್ಯಾಟನ್ ರೂಜ್‌ನಲ್ಲಿ ಬಿಡಾರ ಹೂಡಿ, ಕೆಎಲ್‌ಸಿ, ಮೋ ಬಿ. ಡಿಕ್, ಕ್ರೇಗ್ ಬಿ, ಓಡೆಲ್ ಎಂಬ ನಾಲ್ವರ ‘ಬೀಟ್ಸ್ ಬೈ ದ ಪೌಂಡ್’ ತಂಡದಿಂದ ಹೆಚ್ಚುಕಡಿಮೆ ಎಲ್ಲ ಸಂಗೀತ ಮಾಡಿಸಿಕೊಂಡ. ಹೊರಗಿನವರಿಗೆ ಹಾಡೊಂದಕ್ಕೆ ಇಷ್ಟು ಅಂತ ಕೊಡುವ ತಲೆನೋವಿಲ್ಲ. ಒಂದು ನೋ ಲಿಮಿಟ್ ಸಿ.ಡಿ.ಯ ಒಳಪುಸ್ತಕವನ್ನು ಬಿಡಿಸಿ ನೋಡಿದರೆ ವ್ಯಾಪಾರದ ಬುದ್ಧಿ ಕಣ್ಣಿಗೆ ರಾಚುತ್ತದೆ. ಮುಖಪುಟ ಹ್ಯೂಸ್ಟನ್‌ನ ಪೆನ್ ಅಂಡ್ ಪಿಕ್ಸೆಲ್ ಸ್ಟುಡಿಯೋದ್ದು: ವಜ್ರ ಕೂರಿಸಿದ ಅಕ್ಷರ, ಚಿನ್ನದ ಹೊಳಪು, ಬೆಂಕಿ, ಕಾರು, ಒಂದರ ಮೇಲೊಂದು ಅಂಟಿಸಿದ ಚಿತ್ರಗಳು. ಒಳಗೆ ಪುಟ ತಿರುವಿದರೆ ಹಾಡಿನ ಸಾಹಿತ್ಯಕ್ಕಿಂತ ಮುಂದೆ ಬರಲಿರುವ ಆಲ್ಬಂಗಳ ಜಾಹೀರಾತೇ ಹೆಚ್ಚು. ಮಿಯಾ ಎಕ್ಸ್ ಬರುತ್ತಿದ್ದಾಳೆ, ಫೀಂಡ್ ಬರುತ್ತಿದ್ದಾನೆ, ತಮ್ಮ ಸಿಲ್ಕ್ ದ ಶಾಕರ್‌ನದು ಇಂಥ ತಿಂಗಳು, ಇನ್ನೊಬ್ಬ ತಮ್ಮ ಸಿ-ಮರ್ಡರ್‌ನದು ಅದರ ಮುಂದಿನ ತಿಂಗಳು. ದುಡ್ಡು ಕೊಟ್ಟು ಕೊಂಡವನ ಕೈಯಲ್ಲೇ ಮುಂದಿನ ಮಾಲಿನ ಪಟ್ಟಿ. ಟಿ.ವಿ.ಗೆ ಕಾಸು ಸುರಿಯದೆ, ರೇಡಿಯೋದವರ ಬಾಗಿಲು ಕಾಯದೆ ಮಾಡಿದ ಪ್ರಚಾರ ಇದು. ಚಿತ್ರಮಂದಿರಗಳ ಗೊಡವೆಗೆ ಹೋಗದೆ 1997ರಲ್ಲಿ ಸ್ವಂತ ಸಿನಿಮಾವನ್ನು ನೇರ ವಿಡಿಯೋ ಕ್ಯಾಸೆಟ್‌ಗಿಳಿಸಿ ಅದೇ ಅಂಗಡಿಗಳಲ್ಲಿ ಮಾರಿದ್ದೂ ಇದೇ ಲೆಕ್ಕಾಚಾರ.

1997ರಲ್ಲಿ ‘ಘೆಟ್ಟೊ ಡಿ’, 1998ರಲ್ಲಿ ‘ಎಂಪಿ ಡಾ ಲಾಸ್ಟ್ ಡಾನ್’, ಎರಡೂ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೇ ಬಂದು ಕೂತವು. ಡೆತ್ ರೋ ಕಂಪನಿಯಿಂದ ಸ್ನೂಪ್ ಡಾಗ್‌ನನ್ನು ಬಿಡಿಸಿಕೊಂಡು ಬಂದ. 1998 ಒಂದೇ ವರ್ಷ ಇಪ್ಪತ್ತಕ್ಕೂ ಹೆಚ್ಚು ಆಲ್ಬಂ ಹೊರಬಿದ್ದವು. ಆ ವರ್ಷ ಫೋರ್ಬ್ಸ್ ಪತ್ರಿಕೆ ಈತನ ಗಳಿಕೆಯನ್ನು 5 ಕೋಟಿ 65 ಲಕ್ಷ ಡಾಲರ್ ಎಂದು ಅಂದಾಜಿಸಿ ಮನರಂಜನಾ ಲೋಕದ ಮೊದಲ ಹತ್ತರಲ್ಲಿ ಕೂರಿಸಿತು. ‘ಮೇಕ್ ಎಮ್ ಸೇ ಅಹ್’ ಹಾಡಿನ ವಿಡಿಯೋದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಚಿನ್ನದ ಬಣ್ಣದ ಯುದ್ಧ ಟ್ಯಾಂಕ್ ನುಗ್ಗುತ್ತದೆ. ಆ ಹಾಡಿನ ತಾಳವನ್ನು ಗಮನವಿಟ್ಟು ಕೇಳಿ. ನ್ಯೂ ಆರ್ಲಿಯನ್ಸ್‌ನ ಬೀದಿ ಮೆರವಣಿಗೆಗಳಲ್ಲಿ ಶಾಲಾ ಬ್ಯಾಂಡಿನ ಹುಡುಗರು ಬಾರಿಸುವ ಡ್ರಮ್ಮಿನ ಗತ್ತು ಅದರಲ್ಲಿದೆ. ಮಿಲ್ಲರ್‌ನ ಪದ್ಯಗಾರಿಕೆ ಸಾಧಾರಣ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಜೊತೆಗೆ ಹಾಡಿದ ಮಿಸ್ಟಿಕಲ್ ಬಾಯಿ ತೆರೆದ ಕ್ಷಣ ಹಾಡಿನ ಒಡೆಯ ಬದಲಾಗಿಬಿಡುತ್ತಾನೆ. ಹಾಡನ್ನು ಎಬ್ಬಿಸಿ ನಿಲ್ಲಿಸುವುದು ಕೆಎಲ್‌ಸಿ ಕಟ್ಟಿದ ಆ ತಾಳ.

ಕಥೆಯ ಇನ್ನರ್ಧ ಇಲ್ಲಿಂದಲೇ ಶುರುವಾಗುವುದು. ಒಡೆತನದ ಮೇಲೆ ಅಷ್ಟೊಂದು ಮಾತಾಡುವ ಕಂಪನಿಯಲ್ಲಿ ಈ ನಾಲ್ವರಿಗೆ ಏನು ಸಿಕ್ಕಿತು? 1999ರಲ್ಲಿ ದುಡ್ಡು, ಕರಾರು, ಹಕ್ಕುಗಳ ಬಗ್ಗೆ ಮನಸ್ತಾಪವಾಗಿ ತಂಡ ಹೊರನಡೆಯಿತು. ‘ಮೆಡಿಸಿನ್ ಮೆನ್’ ಅಂತ ಹೊಸ ಹೆಸರಿಟ್ಟುಕೊಂಡು ಬೇರೆಯವರಿಗೆ ಕೆಲಸ ಮಾಡಿತು. ಒಬ್ಬೊಬ್ಬರಾಗಿ ಗಾಯಕರೂ ಬಿಟ್ಟರು. ಪ್ರಯಾರಿಟಿಯ ಎದುರು ಕೂತಾಗ ಮಿಲ್ಲರ್ ಕೇಳಿದ ಪ್ರಶ್ನೆಗಳನ್ನೇ ತನ್ನ ಮನೆಯೊಳಗಿನವರು ಕೇಳಿದಾಗ ಆತನ ಬಳಿ ಇದ್ದದ್ದು ಹಳೆಯ ಕಂಪನಿಗಳ ಉತ್ತರವೇ. ಇದು ಒಬ್ಬ ವ್ಯಕ್ತಿಯ ದುರಾಸೆ ಎಂದು ಬಗೆಹರಿಸಿಬಿಡುವುದು ಸುಲಭ, ಆದರೆ ಸರಿಯಲ್ಲ. ಅಪಾಯವೆಲ್ಲ ತಲೆಯ ಮೇಲಿರುವ ಒಪ್ಪಂದದಲ್ಲಿ ಲಾಭ ಉಳಿಯುವುದೇ ಒಳಗಿನ ಕೂಲಿ ಕಡಿಮೆ ಇದ್ದಾಗ. 85ರ ಪಾಲನ್ನು ಹಿಗ್ಗಿಸಿದ್ದು ಪ್ರಯಾರಿಟಿಯ ಔದಾರ್ಯವಂತೂ ಅಲ್ಲ.

ಇದೇ ನ್ಯೂ ಆರ್ಲಿಯನ್ಸ್‌ನ ಕ್ಯಾಶ್ ಮನಿ ಕಂಪನಿ 1998ರಲ್ಲಿ ಯೂನಿವರ್ಸಲ್ ಜೊತೆ ಇಂಥದೇ ಮಾತುಕತೆ ಗೆದ್ದಿತ್ತು. ಅದರ ಒಡೆಯರಲ್ಲೊಬ್ಬನಾದ ಬರ್ಡ್‌ಮನ್ ಕೂಡ ರ‍್ಯಾಪರ್. ಅವನು ಮಗನಂತೆ ಬೆಳೆಸಿದ ಲಿಲ್ ವೇಯ್ನ್ 2015ರಲ್ಲಿ ಬಾಕಿ ಹಣಕ್ಕಾಗಿ 5 ಕೋಟಿ 10 ಲಕ್ಷ ಡಾಲರ್ ದಾವೆ ಹೂಡಿದ. 2018ರಲ್ಲಿ ರಾಜಿಯಾಯಿತು. ಕಲಾವಿದನೇ ಮಾಲೀಕನಾದರೆ ಶೋಷಣೆ ನಿಲ್ಲುತ್ತದೆ ಎಂಬ ನಂಬಿಕೆಗೆ ನ್ಯೂ ಆರ್ಲಿಯನ್ಸ್ ಎರಡು ಸಲ ತಣ್ಣೀರೆರಚಿದೆ.

ಮಿಲ್ಲರ್‌ನ ವ್ಯಾಪಾರದ ತರ್ಕ ಎಲ್ಲಿ ಮುಗ್ಗರಿಸುತ್ತದೆ ಎಂದು ತೋರಿಸುವ ಪ್ರಕರಣ ಸಂಗೀತದ ಹೊರಗಿದೆ. ‘ನೋ ಲಿಮಿಟ್ ಸ್ಪೋರ್ಟ್ಸ್’ ಎಂಬ ಏಜೆನ್ಸಿ ಮಾಡಿದ್ದ ಈತ 1999ರಲ್ಲಿ ಅದರ ಮೂಲಕ ಅಮೆರಿಕನ್ ಫುಟ್‌ಬಾಲ್ ಆಟಗಾರ ರಿಕಿ ವಿಲಿಯಮ್ಸ್‌ನ ಕರಾರನ್ನು ಕುದುರಿಸಿದ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಆ ಹುಡುಗನೊಬ್ಬನಿಗಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ತನ್ನ ಎಲ್ಲ ಅವಕಾಶಗಳನ್ನೂ ಬಿಟ್ಟುಕೊಟ್ಟಿತ್ತು. ಅಂದರೆ ಚೌಕಾಸಿಗೆ ಇದಕ್ಕಿಂತ ಒಳ್ಳೆ ಸಂದರ್ಭ ಬೇರೆ ಇರಲಿಲ್ಲ. ಆದರೂ ಖಚಿತ ಸಂಬಳ ಕಡಿಮೆ, ಆಟದಲ್ಲಿ ಇಷ್ಟು ಸಾಧಿಸಿದರೆ ಇಷ್ಟು ಎಂಬ ಷರತ್ತಿನ ದುಡ್ಡೇ ಹೆಚ್ಚು ಎಂಬಂಥ ಕರಾರು ಬಂತು. ಕ್ರೀಡಾಲೋಕ ನಕ್ಕಿತು. ನನಗೆ ಕಾಣುವುದು ಬೇರೆ: ಇದು 1996ರ ಒಪ್ಪಂದದ ತದ್ರೂಪು. ಖಚಿತ ದುಡ್ಡು ಕಡಿಮೆಯಿದ್ದರೂ ಸರಿ, ಹಿಂದಿನಿಂದ ದೊಡ್ಡ ಪಾಲು ಬರಲಿ ಎನ್ನುವ ಅದೇ ಧೈರ್ಯ. ಕ್ಯಾಸೆಟ್ಟಿಗೆ ಮಂಡಿ ನೋವು ಬರುವುದಿಲ್ಲ, ಒಂದು ಆಲ್ಬಂ ಬಿದ್ದರೆ ಇನ್ನೊಂದು ಎತ್ತುತ್ತದೆ. ಪ್ರತಿ ಭಾನುವಾರ ಮೈಮೇಲೆ ಬೀಳುವ ಎದುರಾಳಿಗಳ ನಡುವೆ ಓಡಬೇಕಾದ ಒಬ್ಬ ಹುಡುಗನ ದೇಹಕ್ಕೆ ಆ ಲೆಕ್ಕ ಒಗ್ಗಲಿಲ್ಲ.

ಕುಸಿತದ ಕಥೆ ಚಿಕ್ಕದು. ಸಂಗೀತ ಕಟ್ಟುವವರು ಹೋದರು, ವರ್ಷಕ್ಕೆ ಇಪ್ಪತ್ತು ಆಲ್ಬಂ ಕೊಂಡು ದಣಿದ ಗಿರಾಕಿ ಕ್ಯಾಶ್ ಮನಿ ಕಡೆ ತಿರುಗಿದ, ಇಂಟರ್ನೆಟ್ ಬಂದು ಸಿ.ಡಿ.ಯ ಕಾಲವೇ ಮುಗಿಯುತ್ತ ಬಂತು. ಯೂನಿವರ್ಸಲ್ ಜೊತೆ ಹೊಸ ಒಪ್ಪಂದ, ಮಗ ಲಿಲ್ ರೋಮಿಯೋನ ‘ಮೈ ಬೇಬಿ’ ಹಾಡಿನ ಯಶಸ್ಸು ಸ್ವಲ್ಪ ಕಾಲ ದೂಡಿದವು. 2003ರಲ್ಲಿ ನೋ ಲಿಮಿಟ್ ದಿವಾಳಿ ಅರ್ಜಿ ಹಾಕಿತು. ತಮ್ಮ ಸಿ-ಮರ್ಡರ್ 2002ರ ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ. ತಾನು ನಿರಪರಾಧಿ ಎಂದೇ ಅವನು ಹೇಳುತ್ತ ಬಂದಿದ್ದಾನೆ.

ಈಗ ಇವತ್ತಿಗೆ ಬನ್ನಿ. ‘ಮಾಸ್ಟರ್ ಬಿಟ್ಟುಕೊಡಬೇಡಿ’ ಎಂಬುದು ಈಗಿನ ಯುವ ರ‍್ಯಾಪರ್‌ಗಳ ಜಪ. ತಮಾಷೆಯೆಂದರೆ ಇವತ್ತು ಮಾಸ್ಟರ್ ಉಳಿಸಿಕೊಳ್ಳಲು ಯಾರ ಜೊತೆಗೂ ಗುದ್ದಾಡಬೇಕಿಲ್ಲ. ವರ್ಷಕ್ಕೆ ಒಂದಿಷ್ಟು ಚಂದಾ ಕಟ್ಟಿದರೆ ಹಾಡನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಏರಿಸುವ ಸೇವೆಗಳಿವೆ. ಹಕ್ಕು ಪೂರ್ತಿ ಹಾಡುಗಾರನದೇ. ನೂರಕ್ಕೆ ನೂರು ಒಡೆತನ ಕೈಯಲ್ಲಿಟ್ಟುಕೊಂಡು ತಿಂಗಳಿಗೆ ಕಾಫಿ ದುಡ್ಡು ಹುಟ್ಟದವರು ಅಟ್ಲಾಂಟಾದಲ್ಲೂ ಇದ್ದಾರೆ, ಬೆಂಗಳೂರಲ್ಲೂ ಇದ್ದಾರೆ. 1996ರಲ್ಲಿ ಮಿಲ್ಲರ್‌ಗೆ ಹಕ್ಕಿನ ಜೊತೆಗೆ ಸಿಕ್ಕಿದ್ದು ಅಂಗಡಿಯ ಕಪಾಟು. ದೇಶದ ಎಲ್ಲ ಸಿ.ಡಿ. ಅಂಗಡಿಗಳಲ್ಲಿ ಮಾಲು ಕೂರಿಸಬಲ್ಲ ವಿತರಕ ಬೆನ್ನಿಗಿದ್ದ, ಕಪಾಟಿನಲ್ಲಿ ಜಾಗ ಸೀಮಿತವಾಗಿತ್ತು, ಅಲ್ಲಿ ಕೂತವನಿಗೆ ಬೆಲೆ ಇತ್ತು. ಈಗ ಕಪಾಟಿಗೆ ಕೊನೆಯೇ ಇಲ್ಲ, ಕೇಳುಗನ ಹೊತ್ತಿಗೆ ಬರ. ಆ ಹೊತ್ತನ್ನು ಹಂಚುವವರು ಆ್ಯಪ್‌ಗಳು. ಅವುಗಳ ಜೊತೆ 85-15ರ ಮಾತುಕತೆಗೆ ಯಾರನ್ನೂ ಕೂರಿಸುವುದಿಲ್ಲ.

ಈ ನಡುವೆಯೂ ದಕ್ಷಿಣದಲ್ಲಿ ಆ ಮಾದರಿಯನ್ನು ದುಡಿಸಿಕೊಂಡವರಿದ್ದಾರೆ. ಮೆಂಫಿಸ್‌ನ ಯಂಗ್ ಡಾಲ್ಫ್ ‘ಪೇಪರ್ ರೂಟ್ ಎಂಪೈರ್’ ಕಟ್ಟಿ, ಸ್ಯಾನ್ ಫ್ರಾನ್ಸಿಸ್ಕೋದ ಎಂಪೈರ್ ಎಂಬ ವಿತರಣಾ ಕಂಪನಿಯ ನೆರವಿನಿಂದ ಸ್ವತಂತ್ರನಾಗಿಯೇ ಮೇಲೆ ಬಂದ. ರಿಚ್ಮಂಡ್ ಅಂಗಡಿಯಿದ್ದ ಕೊಲ್ಲಿಯದೇ ಆಚೆ ದಡ ಅದು. 2021ರ ನವೆಂಬರ್‌ನಲ್ಲಿ ತನ್ನೂರಿನಲ್ಲೇ ಗುಂಡಿಗೆ ಬಲಿಯಾದ. ಸ್ನೂಪ್ ಡಾಗ್ 2022ರಲ್ಲಿ, ಒಂದು ಕಾಲಕ್ಕೆ ತಾನು ಬಿಟ್ಟುಬಂದ ಡೆತ್ ರೋ ಕಂಪನಿಯನ್ನೇ ಕೊಂಡುಕೊಂಡ. ಅವನ ಜೇಬಿಗೆ ಅದು ಸಾಧ್ಯ, ಮಿಕ್ಕವರಿಗೆ ಅಲ್ಲ.

ಮಿಕ್ಕವರ ದಾರಿ ಬೇರೆ ಕಡೆ ತೆರೆಯುತ್ತಿದೆ. ಅಮೆರಿಕದ 1976ರ ಕೃತಿಸ್ವಾಮ್ಯ ಕಾಯ್ದೆಯ 203ನೇ ಕಲಂ ಪ್ರಕಾರ, ಕಲಾವಿದ ಹಿಂದೆ ಬರೆದುಕೊಟ್ಟ ಹಕ್ಕನ್ನು 35 ವರ್ಷದ ಬಳಿಕ ವಾಪಸ್ ಕೇಳಬಹುದು. ಕನಿಷ್ಠ ಎರಡು ವರ್ಷ ಮುಂಚೆ ನೋಟಿಸ್ ಕೊಡಬೇಕು. ದೊಡ್ಡ ಅಡ್ಡಿಯೆಂದರೆ: ನೌಕರನಾಗಿ ಸಂಬಳಕ್ಕೆ ಮಾಡಿದ ಕೆಲಸವಾದರೆ ಈ ಹಕ್ಕು ಇಲ್ಲ. ಇದರ ಪರೀಕ್ಷೆ ಈಗಾಗಲೇ ಮಯಾಮಿಯಲ್ಲಿ ಆಗಿದೆ. 2 ಲೈವ್ ಕ್ರೂ ತಂಡದ ಲೂಥರ್ ಕ್ಯಾಂಪ್‌ಬೆಲ್, ಮಿಲ್ಲರ್‌ಗಿಂತ ಮುಂಚಿನ ದಕ್ಷಿಣದ ರ‍್ಯಾಪರ್-ಮಾಲೀಕ. ವಿಡಂಬನೆಯ ಹಕ್ಕಿನ ಬಗ್ಗೆ 1994ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದವನ ಕಂಪನಿ ಅದರ ಮರುವರ್ಷವೇ ದಿವಾಳಿ ಎದ್ದು, ಹಾಡುಗಳೆಲ್ಲ ‘ಲಿಲ್ ಜೋ ರೆಕಾರ್ಡ್ಸ್’ ಪಾಲಾಗಿದ್ದವು. ತಂಡದವರು ಕ್ಯಾಂಪ್‌ಬೆಲ್ ಕಂಪನಿಯ ನೌಕರರಷ್ಟೇ, ಹಾಗಾಗಿ ವಾಪಸ್ ಕೇಳುವ ಹಕ್ಕಿಲ್ಲ ಎಂಬುದು ಎದುರು ಕಡೆಯ ವಾದ. 2024ರ ಅಕ್ಟೋಬರ್‌ನಲ್ಲಿ ಜ್ಯೂರಿ ಅದನ್ನು ತಳ್ಳಿಹಾಕಿ, ತಂಡದ ಮತ್ತು ಮೃತ ಸದಸ್ಯರ ವಾರಸುದಾರರ ಪರ ತೀರ್ಪು ಕೊಟ್ಟಿತು.

ನೋ ಲಿಮಿಟ್‌ನ ಲೆಕ್ಕಕ್ಕೆ ಇದನ್ನು ತನ್ನಿ. 1997ರಲ್ಲಿ ಸಹಿ ಹಾಕಿದ ಕಾಗದವಿದ್ದರೆ 35 ವರ್ಷ ತುಂಬುವುದು 2032ಕ್ಕೆ. ಆ ದಿನಕ್ಕೇ ಹಕ್ಕು ಮರಳಬೇಕಾದರೆ ನೋಟಿಸ್ 2030ರೊಳಗೆ ಹೋಗಿರಬೇಕು. ಕೆಎಲ್‌ಸಿ ಮತ್ತವನ ಜೊತೆಗಾರರು, ಮಿಯಾ ಎಕ್ಸ್, ಫೀಂಡ್, ಯಾರು ಬೇಕಾದರೂ ಕೇಳಿನೋಡಬಹುದು. ಕೇಳುವ ಮೊದಲು ಬ್ಯಾಟನ್ ರೂಜ್‌ನ ಆ ಗಡಿಬಿಡಿಯ ವರ್ಷಗಳ ಕಡತ ಬಿಚ್ಚಿ, ತಾವು ಅಲ್ಲಿ ಸಂಬಳದವರಾಗಿದ್ದರೋ, ಗುತ್ತಿಗೆಯವರಾಗಿದ್ದರೋ, ಅಥವಾ ಬರೀ ಬಾಯಿಮಾತಿನ ಮೇಲೆ ದುಡಿದವರೋ ಎಂಬುದನ್ನು ವಕೀಲರ ಮುಂದೆ ಇಡಬೇಕಾಗುತ್ತದೆ.